ಮೂರನೇ ಪ್ಯಾರಾದವರೆಗೆ

ಜನವರಿ ೬, ಸೋಮವಾರ — ಸಂಜೆ ೬.೩೦

ಇವತ್ತು ನಲವತ್ತೊಂದು ಮುಗಿಸಿದೆ. ಒಂಬತ್ತು ಅಜ್ಜಿಯರು ತೀರಿಕೊಂಡರು, ಒಂದು ನಾಯಿ ಕಾಣೆಯಾಯಿತು, ಮೂವರು ಹುಡುಗರು ಫುಟ್‌ಬಾಲ್ ಪಂದ್ಯ ಸೋತು ಬದುಕಿನ ಅರ್ಥ ತಿಳಿದುಕೊಂಡರು. ಹದಿನೇಳಕ್ಕೇ ಅರ್ಥ ತಿಳಿದುಬಿಟ್ಟರೆ ಮಿಕ್ಕ ವರ್ಷಗಳೆಲ್ಲ ಏನು ಮಾಡುತ್ತಾರೋ, ಪಾಪ.

ಈ ಕಾಲೇಜಿನ ಅರ್ಜಿ ಪ್ರಬಂಧ ಓದುವುದು ಇದು ಒಂಬತ್ತನೇ ವರ್ಷ. ಭಾಷೆ ಟೀಚರ್ ಕೆಲಸದಿಂದ ನಿವೃತ್ತಿಯಾದಾಗಿನಿಂದ ಜನವರಿ ಬಂತೆಂದರೆ ಈ ಹಾಲ್, ಈ ಉದ್ದದ ಮೇಜು, ಕಾಲು ಅಲ್ಲಾಡುವ ಇದೇ ಕುರ್ಚಿ. ಓದುವವರು ಹದಿನಾಲ್ಕು ಜನ. ಸೀಟು ನಲವತ್ತು. ಪ್ರಶ್ನೆ ಮಾತ್ರ ಬದಲಾಗುವುದಿಲ್ಲ — ‘ನೀವು ಎದುರಿಸಿದ ಒಂದು ಕಷ್ಟವನ್ನು ಆರುನೂರು ಪದಗಳಲ್ಲಿ ಬರೆಯಿರಿ.’ ಎಲ್ಲ ಪ್ರಿಂಟ್ ಆದ ಹಾಳೆ. ಹೆಸರಿಲ್ಲ, ನಂಬರ್ ಅಷ್ಟೇ. ಒಂದೊಂದನ್ನೂ ಇಬ್ಬರು ಬೇರೆ ಬೇರೆ ಓದಿ ಆರಕ್ಕೆ ಅಂಕ ಕೊಡಬೇಕು, ಕೆಳಗೆ ಒಂದು ಸಾಲು ಷರಾ. ಇಬ್ಬರ ಅಂಕ ತೀರಾ ದೂರ ಹೋದರೆ ಇಬ್ಬರನ್ನೂ ಎದುರುಬದುರು ಕೂರಿಸುತ್ತಾರೆ. ಸಂಚಾಲಕಿ ತೀರ್ಮಾನ ಮಾಡುತ್ತಾಳೆ.

ಒಂದಕ್ಕೆ ಎಂಟು ನಿಮಿಷ ಅಂತ ಲೆಕ್ಕ. ನನಗೆ ಐದು ಸಾಕು. ಮೂರನೇ ಪ್ಯಾರಾ ಮುಗಿಯುವಷ್ಟರಲ್ಲಿ ಗೊತ್ತಾಗಿರುತ್ತದೆ. ನಾಲ್ಕನೆಯದರಲ್ಲಿ ಎಲ್ಲರೂ ಬರೆಯುವುದು ಒಂದೇ — ಕಲಿತ ಪಾಠ, ಕಟ್ಟಲಿರುವ ಭವಿಷ್ಯ, ಅವಕಾಶ ಕೊಟ್ಟರೆ ಚಿರಋಣಿ. ಅದನ್ನು ಓದುವುದು ದಂಡ.

ಹಾಲಿನಲ್ಲಿ ನನ್ನ ಬೆನ್ನ ಹಿಂದೆ ‘ಮೂಗು’ ಎನ್ನುತ್ತಾರೆ. ಸುಳ್ಳಿನ ವಾಸನೆ ಹಿಡಿಯುವವಳು ಅಂತ. ಗೊತ್ತು ನನಗೆ. ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೇನೆ.

ಜನವರಿ ೭ — ಬೆಳಿಗ್ಗೆ ೭

ಫ್ರಿಜ್ ಮೇಲೆ ಮರಿಯ ಚೀಟಿ. ‘ಲ್ಯಾಬ್ ಇದೆ, ಬರೋದು ತಡ.’ ಬರೋದು ಅಂತೆ! ತಿದ್ದಿ ಅಲ್ಲೇ ಅಂಟಿಸಿದೆ.

ಅಣ್ಣನ ಮಗಳು, ಹನ್ನೊಂದು ವರ್ಷದವಳಿದ್ದಾಗ ಬಂದಳು ನನ್ನ ಮನೆಗೆ. ಅಣ್ಣ ಹಡಗಿನ ಅಡುಗೆಮನೆಯಲ್ಲಿ, ಅತ್ತಿಗೆ ದೂರದ ಆಸ್ಪತ್ರೆಯಲ್ಲಿ ನರ್ಸ್, ಶಿಫ್ಟ್ ಮೇಲೆ ಶಿಫ್ಟ್. ಮಗು ಓದಬೇಕಲ್ಲ, ನನ್ನ ಹತ್ತಿರ ಬಿಟ್ಟರು. ಆರು ವರ್ಷ ಆಯಿತು. ನನಗೆ ಮಕ್ಕಳಿಲ್ಲ. ಇವಳು ಬಂದ ಮೇಲೆ ಇಲ್ಲ ಎಂದೆನಿಸಿಯೂ ಇಲ್ಲ. ಕಿಟಕಿ ತುಂಬ ಕಲ್ಲು ಜೋಡಿಸಿದ್ದಾಳೆ, ಭೂಗರ್ಭಶಾಸ್ತ್ರ ಓದುತ್ತಾಳಂತೆ. ಓದಲಿ. ಮಾತು ಕಮ್ಮಿ, ಬುದ್ಧಿ ಜಾಸ್ತಿ — ನನ್ನ ತದ್ವಿರುದ್ಧ ಎಂದು ಅಣ್ಣ ಕೀಟಲೆ ಮಾಡುತ್ತಾನೆ.

ಇವತ್ತು ‘ನನ್ನ ಸಂಬಂಧಿಕರಾರೂ ಅರ್ಜಿ ಹಾಕಿಲ್ಲ’ ಎಂಬ ಫಾರಂ ಕೊಡಬೇಕು. ಸಹಿಗೆ ಮುಂಚೆ ಒಂದು ಮಾತು ಇರಲಿ ಅಂತ ನಿನ್ನೆಯೇ ಕೇಳಿದ್ದೆ.

“ನಮ್ಮ ಕಾಲೇಜಿಗೆ ಹಾಕಿಲ್ಲ ತಾನೇ?”

“ನೀವಿರೋ ಕಡೆ ಯಾಕೆ ಹಾಕ್ಲಿ ಅತ್ತೆ? ಬೇರೆ ನಾಲ್ಕು ಕಡೆ ಹಾಕಿದೀನಿ.”

“ಆ ಪ್ರಬಂಧನಾದ್ರೂ ತೋರ್ಸೆ. ಒಂದ್ಸಲ ನೋಡ್ಕೊಡ್ತೀನಿ.”

“ಬೇಡ ಅತ್ತೆ. ಅದೊಂದು ಬೇಡ.”

ಊರಿನ ಮಕ್ಕಳದ್ದೆಲ್ಲ ಓದುತ್ತೇನೆ, ಮನೆಯದ್ದಕ್ಕೆ ಪ್ರವೇಶವಿಲ್ಲ. ಇರಲಿ. ಮುಖ ಊದಿಸಿಕೊಂಡು ಕೂರುವ ವಯಸ್ಸಲ್ಲ ನನ್ನದು. ಸ್ವಲ್ಪ ಊದಿಸಿಕೊಂಡೆ.

ಜನವರಿ ೯ — ಸಂಜೆ

ಲಿಫ್ಟ್ ಎಂಜಿನಿಯರ್ ಜೊತೆ ಮತ್ತೆ ಜಗಳ. ಅವನೂ ನಿವೃತ್ತ, ಓದುವವರಲ್ಲಿ ನನ್ನ ಎದುರಿನ ಕುರ್ಚಿ. ಕಣ್ಣಲ್ಲಿ ನೀರು ಬಂದರೆ ಆರು, ಬರದಿದ್ದರೆ ಐದು — ಅವನ ಅಳತೆಗೋಲು ಅಷ್ಟೇ. ಟೀ ಹೊತ್ತಿನಲ್ಲಿ ಶುರು ಮಾಡಿದ:

“ಮೇಡಂ, ನಿಮ್ಮ ಕೈಗೆ ಸಿಕ್ಕ ಮಕ್ಕಳ ಕಥೆ ಮುಗೀತು. ಎರಡು, ಎರಡು, ಮೂರು. ಏನ್ ಕಲ್ಲು ಮನಸ್ಸು ರೀ!”

“ನೀವು ಹಂಚ್ತಿರೋದು ಅಂಕ ಅಲ್ಲ, ಕರ್ಚೀಫು.”

ಹಾಲ್ ಎಲ್ಲ ನಕ್ಕಿತು. ಆದರೂ ನಾನು ಹೇಳುವುದರಲ್ಲಿ ನ್ಯಾಯ ಇದೆ. ಕಷ್ಟವೇ ಇಲ್ಲದ ಮಕ್ಕಳು ಟ್ಯೂಷನ್ ಮಾಸ್ತರ ಹತ್ತಿರ ಹೋಗಿ ಒಂದು ಕಷ್ಟ ಹೊಲಿಸಿಕೊಂಡು ಬರುತ್ತಾರೆ, ಅಳತೆಗೆ ಸರಿಯಾಗಿ. ನಿಜವಾಗಿ ಕಷ್ಟಪಟ್ಟವು ಅಪ್ಪನ ಕಾಯಿಲೆಯನ್ನೋ ಅಮ್ಮನ ಅಳುವನ್ನೋ ಯಾರೋ ಗುರುತಿಲ್ಲದ ಹದಿನಾಲ್ಕು ಜನರ ಮುಂದೆ ಆರುನೂರು ಪದದಲ್ಲಿ ಹರವಿ ಕೂರಬೇಕು. ಕೆಲವರಿಗೆ ಅದು ಬರುವುದೇ ಇಲ್ಲ — ಸೀದಾ, ಒಣಗಿದ ಹಾಗೆ ಬರೆದಿರುತ್ತಾರೆ. ಅಂಥವನ್ನು ಹುಡುಕಿ ಐದು ಕೊಡುವವಳು ನಾನು. ಹೊಲಿಸಿಕೊಂಡು ಬಂದವನು ಅವರ ಸೀಟು ಹೊಡೆಯಬಾರದು. ಅದಕ್ಕೆ ಒಂದು ಮೂಗು ಬೇಕು. ಇದೆ ನನಗೆ.

ಜನವರಿ ೧೫ — ಸಂಜೆ ೭

ಇಂದಿನ ಮೂವತ್ತೆಂಟನೆಯದು. ನಂಬರ್ ೨೨೧೭. ಬರೆದುಕೊಳ್ಳಲೇಬೇಕು, ಅಷ್ಟು ಚೆನ್ನಾಗಿ ಕಟ್ಟಿದ ಸುಳ್ಳು ಈ ವರ್ಷ ನೋಡಿರಲಿಲ್ಲ.

ಒಬ್ಬ ಮಾವನ ಮನೆಯಲ್ಲಿ ಬೆಳೆದ ಮಗು. ಮಾವನಿಗೆ ತಿದ್ದುವ ಹುಚ್ಚು. ಮಗು ಬಂದು ಎರಡು ವಾರಕ್ಕೆ ಅಮ್ಮನಿಗೆ ಕಾಗದ ಬರೆಯುತ್ತದೆ. ಪೋಸ್ಟ್ ಮಾಡಿಕೊಡಿ ಎಂದು ಮಾವನ ಕೈಗೆ ಕೊಡುತ್ತದೆ. ಮಾವ ಏಳು ತಪ್ಪು ಹುಡುಕುತ್ತಾನೆ. ಏಳರಲ್ಲಿ ಎರಡು ಇದ್ದದ್ದು ‘ನನಗೆ ಇಲ್ಲಿ ಆಗುತ್ತಿಲ್ಲ, ಬಂದು ಕರೆದುಕೊಂಡು ಹೋಗು’ ಎಂಬ ಸಾಲಿನಲ್ಲಿ. ಮಾವ ಎರಡನ್ನೂ ತಿದ್ದಿ, ಚೆನ್ನಾಗಿದೆ, ಫೇರ್ ಕಾಪಿ ಮಾಡು ಎನ್ನುತ್ತಾನೆ. ಫೇರ್ ಕಾಪಿಯಲ್ಲಿ ಮಗು ಆ ಸಾಲನ್ನೇ ಬಿಟ್ಟುಬಿಡುತ್ತದೆ. ಅಂದಿನಿಂದ ಏನು ಬರೆದರೂ ಎರಡು ಸಲ ಬರೆಯುತ್ತದಂತೆ — ತಿದ್ದುವವರಿಗೆ ಒಂದು, ತನಗೊಂದು.

ಮೂರನೇ ಪ್ಯಾರಾ ಅಲ್ಲಿಗೆ ಮುಗಿಯಿತು. ನಾನೂ ಮುಗಿಸಿದೆ. ಭಾಷೆ ಚೊಕ್ಕ, ಎಲ್ಲೂ ಹೆಚ್ಚಿಲ್ಲ. ಆದರೆ ಆ ಮಾವ! ಕಾಗುಣಿತ ಕಾಣುವವನಿಗೆ ಅರ್ಥ ಕಾಣುವುದಿಲ್ಲವೇ? ಮಾವ ಎನ್ನುವ ಆ ಮನುಷ್ಯ ಹಾಳೆಯ ಮೇಲೆ ಎಲ್ಲೂ ಉಸಿರಾಡುವುದಿಲ್ಲ. ಅವನ ಮುಖ ಇಲ್ಲ, ದನಿ ಇಲ್ಲ. ತಂದು ನಿಲ್ಲಿಸಿದ ಗೊಂಬೆ.

ಎರಡು ಕೊಟ್ಟೆ. ಷರಾ: ‘ಮಾವ ಕಲ್ಪಿತ ಪಾತ್ರ. ಇಷ್ಟು ಕುರುಡರು ಮನೆಯಲ್ಲಿದ್ದಿದ್ದರೆ ಯಾರಾದರೂ ಅವರಿಗೆ ಹೇಳಿರುತ್ತಿದ್ದರು.’

ಚೆನ್ನಾಗಿ ಬಂತು ಷರಾ. ನನಗೇ ಖುಷಿಯಾಯಿತು.

ಜನವರಿ ೨೨ — ಬೆಳಿಗ್ಗೆ ೬

ಜಟಾಪಟಿಯ ಪಟ್ಟಿ ಬಂದಿದೆ. ೨೨೧೭ — ನನ್ನದು ಎರಡು, ಇನ್ನೊಬ್ಬರದು ಆರು. ಆರು ಎಂದರೆ ಯಾರು ಅಂತ ಕೇಳಬೇಕೇ? ಎಂಜಿನಿಯರೇ. ನಾಡಿದ್ದು ಎದುರುಬದುರು. ಹೋಗಿ ಅವನ ಲಿಫ್ಟ್ ಕೆಳಗಿಳಿಸಿ ಬರುತ್ತೇನೆ.

ಮರಿಗೆ ಊಟ ಸೇರುತ್ತಿಲ್ಲ. ಉಗುರು ಕಚ್ಚುತ್ತಾಳೆ. ನಿನ್ನೆ ತಟ್ಟೆ ತೊಳೆಯುತ್ತ, ನನ್ನ ಕಡೆ ತಿರುಗದೇ ಕೇಳಿದಳು:

“ಅತ್ತೆ, ನಿಮ್ಮ ಕಾಲೇಜಿನ ರಿಸಲ್ಟ್ ಯಾವಾಗ?”

“ಯಾಕೆ?”

“ಸುಮ್ನೆ. ಫ್ರೆಂಡ್ ಒಬ್ಳು ಹಾಕಿದಾಳೆ.”

“ಫೆಬ್ರುವರಿ ಹದಿನೆಂಟು. ಹೆದರ್ಬೇಡ ಅಂತ ಹೇಳು ಅವಳಿಗೆ. ನಿಜ ಬರೆದಿದ್ರೆ ನನ್ನ ಕೈಲಿ ಉಳೀತಾಳೆ.”

ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು.

ಜನವರಿ ೨೪ — ಸಂಜೆ ೫

ಆದದ್ದನ್ನು ಆದ ಹಾಗೇ ಬರೆದುಬಿಡುತ್ತೇನೆ.

ಚಿಕ್ಕ ಕೋಣೆ. ಸಂಚಾಲಕಿ, ಎಂಜಿನಿಯರ್, ನಾನು. ಇನ್ನೂ ಇಬ್ಬರು ತಮ್ಮ ಸರದಿಗೆ ಕಾಯುತ್ತ ಗೋಡೆ ಬದಿ ಕೂತಿದ್ದರು. ಸಂಚಾಲಕಿ ನನ್ನ ಷರಾ ಓದಿ ನಕ್ಕಳು, ಅವರಿಬ್ಬರೂ ನಕ್ಕರು. ನಾನು ಸೆರಗು ಸರಿಮಾಡಿಕೊಂಡು ಕೂತೆ.

ಎಂಜಿನಿಯರ್ ವಾದ ಮಾಡಲಿಲ್ಲ. “ನಾನೇನೂ ಹೇಳಲ್ಲ. ಪೂರ್ತಿ ಓದ್ತೀನಿ, ಕೇಳಿ,” ಎಂದು ಕನ್ನಡಕ ಏರಿಸಿದ. ಮೂರು ಪ್ಯಾರಾ ಓದಿದ. ನನಗೆ ಗೊತ್ತಿದ್ದದ್ದೇ. ಆಮೇಲೆ ನಾಲ್ಕನೆಯದು ಶುರುವಾಯಿತು.

‘ಇದೇ ಮಾವ, ನನಗೆ ಟೈಫಾಯಿಡ್ ಬಂದಾಗ ಹನ್ನೊಂದು ದಿನ ನನ್ನ ಮಂಚದ ಪಕ್ಕ ನೆಲದ ಮೇಲೆ ಮಲಗಿದರು. ಎರಡು ಗಂಟೆಗೊಮ್ಮೆ ಜ್ವರ ನೋಡಿ ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿ ಬರೆದಿಟ್ಟರು. ಜ್ವರ ಇಳಿದ ದಿನ ಅದರ ಕೆಳಗೆ ‘ಪಾಸ್’ ಎಂದು ಬರೆದು ಗೋಡೆಗೆ ಅಂಟಿಸಿದರು. ಇವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಆಗುವುದಿಲ್ಲ. ಆ ಕಾಗದವನ್ನು ಮರೆಯಲೂ ಆಗುವುದಿಲ್ಲ. ನನ್ನ ಕಷ್ಟ ಇದು.’

‘ಪಾಸ್’ ಎಂದು ಬರೆದವಳು ನಾನು. ಆ ಹಾಳೆ ವರ್ಷಗಟ್ಟಲೆ ಗೋಡೆಯ ಮೇಲಿತ್ತು. ಆ ನೆಲದ ತಂಡಿ ನನ್ನ ಸೊಂಟದಲ್ಲಿ ಇವತ್ತಿಗೂ ಇದೆ.

ಎಂಜಿನಿಯರ್ ಹಾಳೆ ಕೆಳಗಿಟ್ಟ. ಸಂಚಾಲಕಿ ಪೆನ್ ತೆಗೆದಳು.

“ಬರವಣಿಗೆ ಚೆನ್ನಾಗಿದೆ ಸರ್. ಆದ್ರೆ ಮೇಡಂ ಸುಳ್ಳು ಅಂದಿದ್ದು ಒಂಬತ್ತು ವರ್ಷದಲ್ಲಿ ಒಂದ್ಸಲಾನೂ ತಪ್ಪಾಗಿಲ್ಲ. ಎರಡೇ ಇಟ್ಬಿಡೋಣ. ಏನ್ ಮೇಡಂ?”

ಅಂದರೆ ನನ್ನ ಹೆಸರೇ ಅವಳ ಸೀಟು ಕಿತ್ತುಕೊಳ್ಳುತ್ತಿದೆ.

“ನಿಲ್ಸಿ,” ಎಂದೆ. “ಆ ಮಾವ ನಾನೇ.”

ಎಲ್ಲರೂ ನಕ್ಕರು. ಮೂಗು ಮೇಡಂ ತಮಾಷೆ ಮಾಡುತ್ತಿದ್ದಾರೆ ಅಂತ. ನಾನು ನಗಲಿಲ್ಲ. ಒಬ್ಬೊಬ್ಬರಾಗಿ ಸುಮ್ಮನಾದರು. ಎಂಜಿನಿಯರ್ ಎದ್ದು ಹೋಗಿ ನೀರು ತಂದುಕೊಟ್ಟ. ಎರಡು ವಾರದಿಂದ ನನ್ನ ಬಾಯಲ್ಲಿ ಬೇಡದ್ದೆಲ್ಲ ಕೇಳಿಸಿಕೊಂಡವನು.

ನಿಯಮದ ಪ್ರಕಾರ ನನ್ನ ಅಂಕ, ಷರಾ ಎರಡೂ ರದ್ದು. ಹೊಸ ಇಬ್ಬರು ಓದುತ್ತಾರೆ. ನನಗೆ ಈ ವರ್ಷದ ಕೆಲಸ ಮುಗಿಯಿತು. ಫಲಿತಾಂಶದ ತನಕ ಅವಳ ಹತ್ತಿರ ತುಟಿ ಬಿಚ್ಚುವಂತಿಲ್ಲ.

ನನ್ನ ಮೂಗು ತಪ್ಪು ಹೇಳಿರಲಿಲ್ಲ. ಮಾವ ನಿಜವಾಗಿ ಕಲ್ಪಿತ. ಅದೊಂದು ಬಿಟ್ಟು ಎಲ್ಲ ನಿಜ.

ಜನವರಿ ೨೫ — ಬೆಳಿಗ್ಗೆ ೮

ನಿದ್ದೆ ಇಲ್ಲ. ಯೋಚಿಸುತ್ತಿರುವುದು ಮರಿಯ ಬಗ್ಗೆ ಮಾತ್ರ ಅಲ್ಲ.

ಮನೆಯ ಹುಡುಗಿಯ ನಾಲ್ಕನೇ ಪ್ಯಾರಾ ಓದದೇ ಎರಡು ಕೊಟ್ಟೆ. ಮಿಕ್ಕವರ ನಾಲ್ಕನೇ ಪ್ಯಾರಾದಲ್ಲಿ ಏನೇನಿತ್ತು? ಇವಳಿಗೆ ಅತ್ತೆ ಇದ್ದಾಳೆ ಕೋಣೆಯಲ್ಲಿ ಎದ್ದು ನಿಲ್ಲಲು. ಅವರಿಗೆ?

(ಇಲ್ಲಿಂದ ಮಧ್ಯಾಹ್ನ ಬರೆಯುತ್ತಿದ್ದೇನೆ.) ಹತ್ತು ಗಂಟೆಗೆ ಹೋಗಿ ಸಂಚಾಲಕಿಯ ಮುಂದೆ ಕೂತೆ. ಈ ವರ್ಷ ನಾನು ಓದಿದ್ದು ಐನೂರ ಎಂಬತ್ತು. ಅಷ್ಟನ್ನೂ ಮತ್ತೆ ಓದಿಸಬೇಕು ಎಂದೆ.

“ಮೇಡಂ, ರೂಲ್ ಪ್ರಕಾರ ಆ ಒಂದು ನಂಬರ್ ಸಾಕು.”

“ರೂಲ್‌ಗೆ ನಾನು ಮೂರೇ ಪ್ಯಾರಾ ಓದ್ತೀನಿ ಅಂತ ಗೊತ್ತಿಲ್ಲಮ್ಮ.”

ಕಕ್ಕಾಬಿಕ್ಕಿಯಾದಳು. “ಒಂಬತ್ತು ವರ್ಷನೂ ಹಾಗೇನಾ?” ಎಂದು ಕೇಳಿದಳು. ಹೂಂ ಎಂದೆ. ಹಿಂದಿನದ್ದಕ್ಕೆ ಯಾರೂ ಏನೂ ಮಾಡುವಂತಿಲ್ಲ. ಅದು ನನ್ನ ತಲೆಗೇ. ಈ ವರ್ಷದ್ದನ್ನು ಹಂಚಿಕೊಳ್ಳುತ್ತಾರಂತೆ, ಭಾನುವಾರವೂ ಕೂತು. ಹಾಲ್ ದಾಟಿ ಬರುವಾಗ ಹದಿಮೂರು ತಲೆ ಎದ್ದವು. ಕೆಲವು ಮುಖದಲ್ಲಿ ಸಿಟ್ಟು ಇತ್ತು, ನ್ಯಾಯವಾದದ್ದೇ. ನಾನು ತಲೆ ಎತ್ತಿಕೊಂಡೇ ನಡೆದೆ. ತಪ್ಪು ಮಾಡಿದೆ, ನಾನೇ ಹಿಡಿದೆ, ನಾನೇ ಒಪ್ಪಿಸಿದೆ. ನಲವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟದ್ದನ್ನು ಒಂದು ದಿನವಾದರೂ ಮಾಡಬೇಡವೇ?

ಜನವರಿ ೩೦

ಆ ಕಾಗದ ನೆನಪಾಗುತ್ತಿಲ್ಲ. ಎಷ್ಟು ತಲೆ ಕೆರೆದುಕೊಂಡರೂ ಇಲ್ಲ. ಜ್ವರದ ಹನ್ನೊಂದು ದಿನ ಒಂದೊಂದೂ ಕಣ್ಣ ಮುಂದಿದೆ. ಇದು ಇಲ್ಲ.

ಅತ್ತಿಗೆಗೆ ಫೋನ್ ಮಾಡಿದೆ. ಬೇರೆ ಏನೇನೋ ಮಾತಾಡಿ ಕೊನೆಗೆ —

“ಮರಿ ಮೊದಲ ವರ್ಷ ಬರೆದ ಕಾಗದ ಏನಾದ್ರೂ ಇದೆಯಾ?”

“ಎಲ್ಲಾ ಇಟ್ಕೊಂಡಿದೀನಿ. ಎಷ್ಟು ಮುದ್ದಾಗಿ ಬರೀತಿದ್ಲು, ಒಂದೇ ಒಂದು ತಪ್ಪಿರ್ತಿರ್ಲಿಲ್ಲ. ಶಾಲೆ ಚೆನ್ನಾಗಿದೆ, ಅತ್ತೆ ಚೆನ್ನಾಗಿ ನೋಡ್ಕೋತಾರೆ ಅಂತ. ಅದನ್ನ ಓದಿ ಓದಿನೇ ನಾನು ಡ್ಯೂಟಿಗೆ ಹೋಗ್ತಿದ್ದೆ. ಇಲ್ದಿದ್ರೆ ಆಗ್ಲೇ ಓಡಿಬಂದು ಕರ್ಕೊಂಡ್ಬಂದುಬಿಡ್ತಿದ್ದೆ.”

ಇಟ್ಟುಬಿಟ್ಟೆ ಫೋನು. ಅತ್ತುಬಿಟ್ಟೆ. ಯಾವತ್ತೂ ಅಳದವಳು ಅಂತ ಹೆಸರು ನನಗೆ.

ಫೆಬ್ರುವರಿ ೮ — ಬೆಳಿಗ್ಗೆ

ಒಂದು ವಾರ ಏನೂ ಬರೆಯಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಒಂದೇ ಮನೆಯಲ್ಲಿ ಓಡಾಡುವುದು ನನ್ನಂಥವಳಿಗೆ ಶಿಕ್ಷೆ. ‘ಕೆಲಸಕ್ಕೆ ಯಾಕೆ ಹೋಗ್ತಿಲ್ಲ’ ಎಂದು ಮರಿ ಎರಡು ಸಲ ಕೇಳಿದಳು. ಸೊಂಟನೋವು ಎಂದೆ. ಬಿಸಿನೀರಿನ ಚೀಲ ತಂದುಕೊಟ್ಟಳು. ಅದನ್ನು ಇಟ್ಟುಕೊಂಡು ಕಳ್ಳಿಯ ಹಾಗೆ ಕೂತೆ.

ಇವತ್ತು ಫ್ರಿಜ್ ಮೇಲೆ ಚೀಟಿ. ‘ರಾತ್ರಿ ನಿದ್ದೆ ಬರ್ಲಿಲ್ಲ, ತಿಂಡಿ ಬೇಡ.’ ಪೆನ್ ಕೈಯಲ್ಲಿತ್ತು. ಎರಡನೇ ಸಲ ಓದಿದೆ. ನಿದ್ದೆ ಬಂದಿಲ್ಲ ಅವಳಿಗೆ. ಹಾಲು ಕಾಯಿಸಿ ಫ್ಲಾಸ್ಕಿಗೆ ಹಾಕಿ ಅವಳು ಈಗ ಓದುವ ಕಾಲೇಜಿನ ಗೇಟಿಗೇ ಹೋಗಿ ಕೊಟ್ಟುಬಂದೆ. ಗೆಳತಿಯರ ಎದುರು ಅವಳಿಗೆ ನಾಚಿಕೆಯೋ ನಾಚಿಕೆ. ಕುಡಿದಳು ಮಾತ್ರ.

ಫೆಬ್ರುವರಿ ೧೮ — ಸಂಜೆ ೫.೧೫

ಸಿಕ್ಕಿತು. ಸೀಟು ಸಿಕ್ಕಿತು.

ಕಾಲೇಜಿನ ಪತ್ರ ಹಿಡಿದುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಳು. ಹೊಸ ಓದುಗರ ಅಂಕ ಐದು, ಆರು. ಷರಾಗಳನ್ನೂ ಕಳಿಸಿದ್ದಾರೆ. ಐದು ಕೊಟ್ಟವರು ಬರೆದದ್ದು — ‘ಮಾವನ ಪಾತ್ರ ಮಾತ್ರ ಸ್ವಲ್ಪ ಕೃತಕ.’

“ನೋಡ್ದ್ಯಾ!” ಎಂದುಬಿಟ್ಟೆ. ನಾಲಿಗೆ ಕಚ್ಚಿಕೊಂಡರೆ ಏನು ಬಂತು?

ಪತ್ರದ ಕೊನೆಯಲ್ಲಿ ಎಲ್ಲ ಇತ್ತು. ಮೊದಲ ಓದುಗರು ಸಂಬಂಧಿಕರೆಂದು ತಾವಾಗಿಯೇ ತಿಳಿಸಿದ್ದರಿಂದ ಮರು ಓದು ಮಾಡಿಸಲಾಗಿದೆ, ಇತ್ಯಾದಿ. ಓದಿಯೇ ಬಂದಿದ್ದಳು.

“ನೀವಿರೋ ಕಡೆ ಅಂತ್ಲೇ ಹೇಳ್ಲಿಲ್ಲ ಅತ್ತೆ. ಭೂಗರ್ಭಶಾಸ್ತ್ರ ಅಲ್ಲೇ ಚೆನ್ನಾಗಿರೋದು. ಹೇಳಿದ್ರೆ ನೀವು ಕೆಲಸ ಬಿಡ್ತಿದ್ರಿ. ಸಿಕ್ಕಿದ್ರೂ ಅತ್ತೆ ಕೊಡ್ಸಿದ್ರು ಅಂತಿದ್ರು ಎಲ್ರೂ. ನಿಮ್ಮ ಕೈಗೇ ಬರತ್ತೆ ಅಂದ್ಕೊಂಡಿರ್ಲಿಲ್ಲ. ಗುರುತು ಸಿಗ್ಬಾರ್ದು ಅಂತ ಮಾವ ಅಂತ ಬರೆದೆ.”

“ಸಿಗ್ಲೂ ಇಲ್ಲ.”

ಪತ್ರ ಮಡಿಸಿದಳು.

“ಎಷ್ಟು ಕೊಟ್ರಿ?”

ಆ ಅಂಕ ರದ್ದಾಗಿದೆ. ಹಾಳೆ ಹರಿದು ಹಾಕಿದ್ದಾರೆ. ನಾಲ್ಕು ಎಂದಿದ್ದರೆ ಕೇಳುವವರಿರಲಿಲ್ಲ.

“ಎರಡು.”

“ಎರಡಾ! ಯಾಕೆ?”

“ಅಷ್ಟು ಕುರುಡರು ಯಾರೂ ಇರಲ್ಲ ಅಂತ.”

ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು.

“ಹಾಗಾದ್ರೆ ಆ ಕಾಗದ ನಿಮಗೆ ನೆನಪೇ ಇಲ್ವಾ?”

“ಇಲ್ಲ, ಮರಿ. ತುಂಬ ನೆನೆಸ್ಕೊಂಡೆ. ಇಲ್ಲ.”

“ನಾನು... ನೀವು ಓದಿ, ಅರ್ಥ ಮಾಡ್ಕೊಂಡು, ಬೇಕಂತ್ಲೇ ಹಾಗೆ ಮಾಡಿದ್ರಿ ಅಂದ್ಕೊಂಡಿದ್ದೆ. ನನ್ನ ಕಳಿಸ್ಬಾರ್ದು ಅಂತ. ಆರು ವರ್ಷದಿಂದ ಹಾಗೇ ಅಂದ್ಕೊಂಡಿದೀನಿ ಅತ್ತೆ.”

ಕುರುಡಾಗಿದ್ದೆ ಎನ್ನುವುದು ನನಗೆ ಅವಮಾನ, ಅವಳಿಗೆ ಸಮಾಧಾನ. ತಪ್ಪಾಯ್ತು ಎಂದೆ. ಜೋರಾಗಿಯೇ ಹೇಳಿದೆ, ಗೊಣಗಲಿಲ್ಲ. ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ತಲೆ ಸವರಿದೆ. ನನ್ನ ಕೈ ಸರಿಸಲಿಲ್ಲ.

“ಏನ್ ಬರೆದಿದ್ದೆ, ಪೂರ್ತಿ ಹೇಳು.”

“ಇದೆ ನನ್ನ ಹತ್ರ. ನೀವು ತಿದ್ದಿದ್ದೇ.”

ತರಲು ಹೋಗಿದ್ದಾಳೆ. ಅಟ್ಟದ ಮೇಲಿನ ಪೆಟ್ಟಿಗೆಯಂತೆ, ಏಣಿ ಎಳೆಯುವ ಸದ್ದು ಕೇಳುತ್ತಿದೆ. ನಾನು ಹಿಡಿದುಕೊಳ್ಳಲಾ ಎಂದರೆ ಬೇಡ ಎಂದಳು. ಅಷ್ಟರಲ್ಲಿ ಇದಿಷ್ಟು ಬರೆದೆ.

ತಂದಳು. ಎದುರಿಗೇ ಕೂತಿದ್ದಾಳೆ, ಕಣ್ಣು ನನ್ನ ಮೇಲೆ. ನಾಲ್ಕು ಮಡಿಕೆ, ಎರಡು ಪುಟ. ನನ್ನ ಕೆಂಪು ಗೆರೆಗಳು ಇನ್ನೂ ಮಾಸಿಲ್ಲ. ಅವುಗಳ ಕೆಳಗಿರುವುದನ್ನು ಇಲ್ಲಿ ಬರೆದುಕೊಳ್ಳುತ್ತೇನೆ, ಅವಳು ಬರೆದ ಹಾಗೇ —

ಅಮ್ಮಾ, ಅತ್ತೆ ಒಳ್ಳೆವ್ರು, ಆದ್ರೆ ನಂಗೆ ಇಲ್ಲಿ ಆಗ್ತಿಲ್ಲ, ಬಂದು ಕರ್ಕೊಂಡ್ ಹೋಗು.